ಮಾವನ ಫೋನ್ ಎಷ್ಟು ಬಾಯಿಬಿಟ್ಟಿತು: ಒಂದು ರಾಸ್‌ಬೆರಿ ಪೈ ದಿನಚರಿ

ಮಲ್ಪೆಯಿಂದ ಮಾವ ಫೋನ್ ಮಾಡಿದ್ದರು. ಮೊಣಕಾಲು ನೋವಿಗೆ ಯಾವ ಎಣ್ಣೆ ಒಳ್ಳೆಯದು ಅಂತ ಹುಡುಕಿದ್ದಾರೆ. ಪೇಜಿನ ಅಡಿಯಲ್ಲಿ "ಬೆಂಗಳೂರಿನಲ್ಲಿ ನಿಮ್ಮ ಹತ್ತಿರದ ಕ್ಲಿನಿಕ್" ಅಂತ ಜಾಹೀರಾತು ಬಂದಿದೆ.

"ಎಂತ ಮಾರಾಯ ಇದು? ನಾನು ಬೆಂಗಳೂರಿಗೆ ಹೋಗದೆ ಮೂರು ವರ್ಷ ಆಯ್ತು. ಕಾಲು ನೋವುಂಟು ಅಂತ ಗೊತ್ತುಂಟು, ಮನೆ ಎಲ್ಲುಂಟು ಅಂತ ಗೊತ್ತಿಲ್ವಾ ಇವರಿಗೆ?"

"ಐಪಿ ವಿಳಾಸ ಅಂತ ಇಂಟರ್ನೆಟ್ಟಿನಲ್ಲಿ ನಮ್ಮ ಕನೆಕ್ಷನ್ನಿಗೆ ಒಂದು ನಂಬರ್ ಉಂಟು, ಅದನ್ನು ನೋಡಿ ಅಂದಾಜು ಮಾಡ್ತಾರೆ ಮಾವ, ಅಷ್ಟೇ."

"ಅಷ್ಟೇ ಅಂದ್ರೆ ಎಷ್ಟು? ಮತ್ತೆ ಎಂತೆಲ್ಲ ಗೊತ್ತಾಗ್ತದೆ? ಸರಿಯಾಗಿ ಹೇಳು."

ಸರಿಯಾಗಿ ಹೇಳಲು ನನಗೇ ಬರಲಿಲ್ಲ. ಓದಿದ್ದು ಜಾಸ್ತಿ, ಮಾಡಿ ನೋಡಿದ್ದು ಕಡಿಮೆ. ಡ್ರಾಯರಿನಲ್ಲಿ ರಾಸ್‌ಬೆರಿ ಪೈ 4 ಎಂಬ ಒಂದು ಪುಟ್ಟ ಕಂಪ್ಯೂಟರ್ ಸುಮ್ನೆ ಬಿದ್ದಿತ್ತು. 2 ಜಿಬಿಯದ್ದು. ಅದರಲ್ಲೇ ಒಂದು ಪೇಜ್ ಕಟ್ಟೋಣ, ಮನೆಯವರಿಗೆಲ್ಲ ಲಿಂಕ್ ಕಳಿಸೋಣ, ಯಾರನ್ನೂ ಏನೂ ಕೇಳದೆ ಎಷ್ಟು ಗೊತ್ತಾಗುತ್ತದೆ ನೋಡೋಣ ಅಂತ ಕೂತೆ.

ಶನಿವಾರ

ಪೈ, ಪೈಥಾನ್, ಬಂದವರಿಗೆ ಪೇಜ್ ಕಳಿಸಲು ಫ್ಲಾಸ್ಕ್, ಲೆಕ್ಕ ಬರೆದಿಡಲು ಎಸ್‌ಕ್ಯೂಲೈಟ್. ಮೊದಲ ಪೇಜ್ ಇಪ್ಪತ್ತು ಸಾಲಿನದ್ದು. ಬಂದವರ ಬ್ರೌಸರ್ ಪೇಜ್ ಕೇಳುವಾಗ ತನ್ನ ಬಗ್ಗೆ ಬರೆದು ಕಳಿಸುವ ಸಾಲುಗಳನ್ನು, ಅಂದರೆ ಹೆಡರ್‌ಗಳನ್ನು, ಹಾಗೇ ತೆಗೆದು ತೋರಿಸುವುದು, ಬೇರೇನೂ ಇಲ್ಲ.

ನನ್ನ ಲ್ಯಾಪ್‌ಟಾಪಿನದ್ದು ವಿಂಡೋಸ್ 11. ಪೇಜ್ ಹೇಳಿದ್ದು "ವಿಂಡೋಸ್ ಎನ್‌ಟಿ 10.0" ಅಂತ. ತಪ್ಪಿದ್ದು ನಾನಲ್ಲ. 11 ಬಂದರೂ ಬ್ರೌಸರ್‌ಗಳು ಆ ಸಾಲನ್ನು ಬದಲಾಯಿಸಲಿಲ್ಲ. ಅಮ್ಮನ ಫೋನ್ ಆಂಡ್ರಾಯ್ಡ್ 13, ಪೇಜಿನಲ್ಲಿ ಕಂಡದ್ದು "ಆಂಡ್ರಾಯ್ಡ್ 10, ಕೆ". ಮೊದಲು ಇದೇ ಜಾಗದಲ್ಲಿ ಫೋನಿನ ಮಾಡೆಲ್ ನಂಬರ್ ಇರುತ್ತಿತ್ತು. ಗುರುತು ಹಿಡಿಯಲು ಅದು ಬಹಳ ಸಲೀಸು ಅಂತ 2023ರಲ್ಲಿ ಕ್ರೋಮ್ ಎಲ್ಲ ಆಂಡ್ರಾಯ್ಡ್ ಫೋನುಗಳಿಗೂ "10" ಮತ್ತು "ಕೆ" ಅಂತ ಒಂದೇ ಅಂಗಿ ಹೊಲಿಸಿತು. ಒಳ್ಳೆಯ ಕೆಲಸ ಅಂದುಕೊಂಡೆ. ಆ ಮಾತು ಎರಡು ದಿನವೂ ಬಾಳಲಿಲ್ಲ, ಮುಂದೆ ಹೇಳುತ್ತೇನೆ.

ಭಾಷೆಯ ಹೆಡರ್ ನೋಡಿ ಸ್ವಲ್ಪ ನಗು ಬಂತು. ಅಮ್ಮನ ಫೋನ್ ಪ್ರತಿ ಸಲವೂ "ಮೊದಲು ಕನ್ನಡ, ಇಲ್ಲದಿದ್ದರೆ ಇಂಗ್ಲಿಷ್" ಅಂತ ಹೇಳಿಯೇ ಒಳಗೆ ಬರುತ್ತದೆ. ಅಂಗಡಿಗೆ ಹೋಗಿ ಸಾಮಾನು ಕೇಳುವ ಮೊದಲೇ ಮನೆಮಾತು ಯಾವುದು ಅಂತ ಹೇಳಿದ ಹಾಗೆ.

ಸಂಜೆ ಪೇಜಿಗೆ ಸ್ವಲ್ಪ ಜಾವಾಸ್ಕ್ರಿಪ್ಟ್ ಸೇರಿಸಿದೆ. ಪರದೆಯ ಅಳತೆ, ಸಮಯ ವಲಯ, ಪ್ರೊಸೆಸರ್ ಕೋರ್‌ಗಳ ಲೆಕ್ಕ, ಮೆಮೊರಿ, ಬ್ಯಾಟರಿ, ಲೊಕೇಶನ್ ಕೇಳುವ ಒಂದು ಬಟನ್. ಪೈಯ ಮೇಲೇ ಬ್ರೌಸರ್ ತೆರೆದಾಗ ಲೊಕೇಶನ್ ಬಟನ್ ಕೆಲಸ ಮಾಡಿತು. ಅಮ್ಮನ ಫೋನಿನಲ್ಲಿ ಬಟನ್ ಒತ್ತಿದರೆ ಸದ್ದಿಲ್ಲ. ಅನುಮತಿ ಕೇಳುವ ಪೆಟ್ಟಿಗೆಯೂ ಬರಲಿಲ್ಲ. ಬ್ಯಾಟರಿ, ಮೆಮೊರಿಯ ಕಾಲಂಗಳೂ ಖಾಲಿ.

ಒಂದು ಗಂಟೆ ಕೋಡ್ ತಿದ್ದಿದೆ. ಕೋಡಿನಲ್ಲಿ ತಪ್ಪೇ ಇರಲಿಲ್ಲ. ಫೋನಿನಲ್ಲಿ ಪೇಜ್ ತೆರೆದದ್ದು 192.168 ಅಂತ ಶುರುವಾಗುವ ಮನೆ ವಿಳಾಸದಿಂದ, ಬೀಗ ಇಲ್ಲದ ಎಚ್‌ಟಿಟಿಪಿಯಲ್ಲಿ. 2016ರಲ್ಲಿ ಬಂದ ಕ್ರೋಮ್ 50ರಿಂದ ಎಚ್‌ಟಿಟಿಪಿಎಸ್ ಇಲ್ಲದ ಪೇಜಿಗೆ ಲೊಕೇಶನ್ ಕೊಡುವುದಿಲ್ಲ. ಬ್ಯಾಟರಿ, ಮೆಮೊರಿಯದ್ದೂ ಈಗ ಅದೇ ಕತೆ. ಲೋಕಲ್‌ಹೋಸ್ಟಿಗೆ, ಅಂದರೆ ಪೇಜ್ ಇರುವ ಯಂತ್ರದಲ್ಲೇ ತೆರೆದರೆ, ಮಾತ್ರ ವಿನಾಯಿತಿ. ಅದಕ್ಕೇ ಪೈಯ ಮೇಲೆ ಓಡಿತು, ಫೋನಿನಲ್ಲಿ ಓಡಲಿಲ್ಲ.

ಭಾನುವಾರ

ಎಚ್‌ಟಿಟಿಪಿಎಸ್ ಬೇಕು, ಮಲ್ಪೆಯಿಂದ ಮಾವನೂ ತೆರೆಯಬೇಕು. ಹೊರಗಿನಿಂದ ಬಂದವರನ್ನು ಪೈಗೆ ಕಳಿಸುವ ಹಾಗೆ ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ ಹಾಕಿದೆ. ಹೊರಗಿನಿಂದ ತೆರೆಯಲಿಲ್ಲ. ರೂಟರ್ ರೀಸ್ಟಾರ್ಟ್, ಪೈ ರೀಸ್ಟಾರ್ಟ್, ಕಾಫಿ, ಮತ್ತೆ ರೀಸ್ಟಾರ್ಟ್. ಮಧ್ಯಾಹ್ನ ಊಟದ ಹೊತ್ತಿಗೆ ರೂಟರಿನ ಹೊರಮುಖದ ವಿಳಾಸವನ್ನು ಸರಿಯಾಗಿ ನೋಡಿದೆ. 100.72 ಅಂತ ಶುರುವಾಗುತ್ತಿತ್ತು.

ಇದನ್ನು ಬೆಳಿಗ್ಗೆಯೇ ನೋಡಬೇಕಿತ್ತು. 100.64ರಿಂದ 100.127ರವರೆಗಿನ ವಿಳಾಸಗಳು ಇಂಟರ್ನೆಟ್ ಕೊಡುವ ಕಂಪನಿಗಳು ಒಳಗೊಳಗೇ ಬಳಸಲು 2012ರಲ್ಲಿ ತೆಗೆದಿಟ್ಟವು. ಹೊರಗಿನ ವಿಳಾಸ ಸಾಲದು ಅಂತ ಎಷ್ಟೋ ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸುತ್ತಾರೆ. ವಠಾರಕ್ಕೆಲ್ಲ ಒಂದೇ ಗೇಟ್ ಇದ್ದ ಹಾಗೆ. ಹೊರಗಿನವರಿಗೆ ಗೇಟ್ ಕಾಣುತ್ತದೆ, ನನ್ನ ಬಾಗಿಲು ಕಾಣುವುದಿಲ್ಲ. ನನ್ನ ರೂಟರಿನಲ್ಲಿ ಎಷ್ಟು ಬಾಗಿಲು ತೆರೆದರೂ ಗೇಟ್ ನನ್ನದಲ್ಲವಲ್ಲ.

ಕೊನೆಗೆ ಕ್ಲೌಡ್‌ಫ್ಲೇರ್ ಎಂಬ ಕಂಪನಿಯ ಟನಲ್ ಹಾಕಿದೆ. ಪೈ ತಾನೇ ಹೊರಗೆ ಸಂಪರ್ಕ ಮಾಡಿ ಕಾಯುತ್ತದೆ, ಬಂದವರು ಅದೇ ದಾರಿಯಲ್ಲಿ ಒಳಗೆ ಬರುತ್ತಾರೆ. ಹಳೆಯ ಡೊಮೇನ್ ಒಂದಿತ್ತು, ಬೀಗದ ಚಿಹ್ನೆಯೂ ಬಂತು. ಅರ್ಧ ಗಂಟೆಯ ಕೆಲಸ.

ಲಿಂಕನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಹದಿನಾಲ್ಕು ಜನ ತೆರೆದರು. ಎಲ್ಲರ ಐಪಿ ವಿಳಾಸವೂ 127.0.0.1! ಅಂದರೆ ಪೈಯ ಲೆಕ್ಕದಲ್ಲಿ ಸುರತ್ಕಲ್‌ನ ಅಕ್ಕ, ಮಲ್ಪೆಯ ಮಾವ, ಎಲ್ಲರೂ ಪೈಯ ಒಳಗೇ ಕೂತಿದ್ದಾರೆ. ಟನಲಿನ ಪ್ರೋಗ್ರಾಂ ಪೈಯಲ್ಲೇ ಓಡುವುದರಿಂದ ಫ್ಲಾಸ್ಕಿಗೆ ಕಾಣುವುದು ಅದೇ. ಅಸಲಿ ವಿಳಾಸ "ಸಿಎಫ್-ಕನೆಕ್ಟಿಂಗ್-ಐಪಿ" ಎಂಬ ಹೆಡರಿನಲ್ಲಿ ಬರುತ್ತದೆ. ಅದನ್ನು ಓದಿಸಿದ ಮೇಲೆ ಸರಿಯಾಯಿತು. "ಎಕ್ಸ್-ಫಾರ್ವರ್ಡೆಡ್-ಫಾರ್" ಅಂತ ಇನ್ನೊಂದು ಹೆಡರ್ ಉಂಟು. ಅದನ್ನು ಬಂದವರೇ ಸುಳ್ಳು ಬರೆದು ಕಳಿಸಬಹುದು, ಕಣ್ಣುಮುಚ್ಚಿ ನಂಬಬೇಡಿ.

ಈಗ ಮಾಡೆಲ್ ನಂಬರಿನ ವಿಷಯ. ಬೀಗ ಬಂದ ಮೇಲೆ ಒಂದು ಪರೀಕ್ಷೆ ಮಾಡಿದೆ. ನನ್ನ ಪೇಜ್ ಉತ್ತರ ಕಳಿಸುವಾಗ "ಮುಂದಿನ ಸಲ ಬರುವಾಗ ಮಾಡೆಲ್ ಹೇಳು" ಅಂತ ಒಂದು ಸಾಲಿನ ಹೆಡರ್ ಸೇರಿಸಿದೆ. ಮೊದಲ ಭೇಟಿಯಲ್ಲಿ ಆ ಕಾಲಂ ಖಾಲಿ. ಎರಡನೇ ಸಲ ಪೇಜ್ ತೆರೆದಾಗ ಅಮ್ಮನ ಫೋನಿನ ಮಾಡೆಲ್ ನಂಬರ್ ಅಚ್ಚುಕಟ್ಟಾಗಿ ಬಂದು ಕೂತಿತು. ಅಮ್ಮನಿಗೆ ಯಾವ ಪ್ರಶ್ನೆಯೂ ಬಂದಿಲ್ಲ. ಮುಂಬಾಗಿಲು ಹಾಕಿ ಹಿತ್ತಿಲ ಬಾಗಿಲಿಗೆ ಚಿಲಕ ಹಾಕದೆ ಮಲಗಿದ ಹಾಗಾಯಿತು. ಕೇಳಿದವರಿಗೆ ಮಾತ್ರ ಕೊಡುತ್ತದೆ, ಯಾರು ಕೇಳಿದರು ಅಂತ ಗೊತ್ತಾಗುತ್ತದೆ ಎನ್ನುವುದು ಬ್ರೌಸರಿನವರ ವಾದ. ಅಮ್ಮನಿಗೆ ಗೊತ್ತಾಗಲಿಲ್ಲ, ಅಷ್ಟು ಮಾತ್ರ ನಾನು ಹೇಳಬಲ್ಲೆ.

ಊರು ಎಲ್ಲಿ ಸಿಕ್ಕಿತು

ಉಚಿತವಾಗಿ ಸಿಗುವ ಒಂದು ಐಪಿ ಲೊಕೇಶನ್ ಡೇಟಾಬೇಸ್ ಇಳಿಸಿ ಪೈಯಲ್ಲಿ ಹಾಕಿದೆ. ಫಲಿತಾಂಶ: ಉಡುಪಿಯ ಕುಂಜಿಬೆಟ್ಟಿನಲ್ಲಿರುವ ನಾನು ಬೆಂಗಳೂರಿನಲ್ಲಿ. ಮಲ್ಪೆಯ ಮಾವನೂ ಬೆಂಗಳೂರಿನಲ್ಲಿ. ಮಣಿಪಾಲದಲ್ಲಿರುವ ಚಿಕ್ಕಮ್ಮನ ಮಗಳು ಚೆನ್ನೈಯಲ್ಲಿ, ಅವಳ ಪಕ್ಕದಲ್ಲೇ ಕೂತಿದ್ದ ತಂಗಿ ಮುಂಬೈಯಲ್ಲಿ. ಸುರತ್ಕಲ್‌ನ ಅಕ್ಕನ ಮನೆಯ ಬ್ರಾಡ್‌ಬ್ಯಾಂಡ್ ಮಾತ್ರ ಮಂಗಳೂರು ಅಂತ ಸರಿಯಾಗಿ ಬಂತು.

ಇದರಲ್ಲಿ ಮಾಯ ಮಂತ್ರ ಇಲ್ಲ. ಡೇಟಾಬೇಸಿಗೆ ನಮ್ಮ ಮನೆಯ ವಯರ್ ಗೊತ್ತಿಲ್ಲ. ಆ ವಿಳಾಸಗಳ ಗುಂಪು ಯಾವ ಕಂಪನಿಯದ್ದು, ಎಲ್ಲಿ ನೋಂದಾಯಿಸಿದ್ದು, ಟ್ರಾಫಿಕ್ ಎಲ್ಲಿ ಹೊರಬೀಳುತ್ತದೆ ಇಂಥವನ್ನು ಕೂಡಿಸಿ ಮಾಡಿದ ಅಂದಾಜು. ಮೊಬೈಲ್ ಡೇಟಾ ಮಲ್ಪೆಯ ಟವರಿನಿಂದ ಹೊರಟರೂ ಇಂಟರ್ನೆಟ್ಟಿಗೆ ಸೇರುವುದು ದೂರದ ಯಾವುದೋ ದೊಡ್ಡ ನಗರದಲ್ಲಿ. ಡೇಟಾಬೇಸಿಗೆ ಕಾಣುವುದು ಆ ಕೊನೆ.

ಪ್ರತಿ ಸಾಲಿನಲ್ಲಿ "ಇಷ್ಟು ಕಿಲೋಮೀಟರ್ ಆಚೀಚೆ" ಅಂತ ಒಂದು ಕಾಲಂ ಇರುತ್ತದೆ. ಮಾವನ ಸಾಲಿನಲ್ಲಿ 500 ಅಂತ ಇತ್ತು. ಬೆಂಗಳೂರನ್ನು ನಡುವೆ ಇಟ್ಟು 500 ಕಿಲೋಮೀಟರಿನ ವೃತ್ತ ಎಳೆದು ನೋಡಿದೆ. ಅದರೊಳಗೆ ಮಲ್ಪೆಯೂ ಉಂಟು, ಚೆನ್ನೈಯೂ ಉಂಟು, ಒಂದಷ್ಟು ಅರಬ್ಬಿ ಸಮುದ್ರವೂ ಉಂಟು. ಅಂದರೆ ಡೇಟಾಬೇಸ್ ಸುಳ್ಳು ಹೇಳಿಲ್ಲ. ಜಾಹೀರಾತಿನವರು ಆ ಕಾಲಂ ಓದುವುದಿಲ್ಲ, ಅಷ್ಟೇ.

ಓದದೆ ಹೋದರೆ ಏನಾಗುತ್ತದೆ ಎನ್ನುವುದಕ್ಕೆ ಅಮೆರಿಕದ ಒಂದು ಕತೆ ಉಂಟು. ಮ್ಯಾಕ್ಸ್‌ಮೈಂಡ್ ಎಂಬ ಕಂಪನಿಯ ಡೇಟಾಬೇಸ್, "ಅಮೆರಿಕ ಅಂತ ಗೊತ್ತು, ಊರು ಗೊತ್ತಿಲ್ಲ" ಅನ್ನುವ ವಿಳಾಸಗಳನ್ನೆಲ್ಲ ದೇಶದ ನಡುಭಾಗದ 38 ಅಕ್ಷಾಂಶ, 97 ರೇಖಾಂಶ ಎಂಬ ದುಂಡು ಲೆಕ್ಕದ ಜಾಗಕ್ಕೆ ಹಾಕುತ್ತಿತ್ತು. ಆ ಜಾಗದಲ್ಲಿ ಕ್ಯಾನ್ಸಾಸ್‌ನ ಒಂದು ಹೊಲದ ಮನೆ ಇತ್ತು. 60 ಕೋಟಿಗೂ ಹೆಚ್ಚು ವಿಳಾಸಗಳು ಆ ಅಂಗಳಕ್ಕೆ ಬಂದು ಬಿದ್ದವು. ಆನ್‌ಲೈನಿನಲ್ಲಿ ಮೋಸ ಹೋದವರು, ಪೊಲೀಸರು ಎಲ್ಲ ವರ್ಷಗಟ್ಟಲೆ ಆ ಮನೆಯ ಬಾಗಿಲು ತಟ್ಟಿದರು. 2016ರಲ್ಲಿ ವಿಷಯ ಹೊರಗೆ ಬಂದ ಮೇಲೆ ಕಂಪನಿ ಆ ಚುಕ್ಕೆಯನ್ನು ಒಂದು ಕೆರೆಯ ನಡುವೆ ಇಟ್ಟಿತು.

ಸಮಯ ವಲಯ ಯಾರನ್ನೂ ಕೇಳದೆ ಸಿಗುತ್ತದೆ. ಕ್ರೋಮ್ ಇನ್ನೂ "ಏಷ್ಯಾ/ಕಲ್ಕತ್ತಾ" ಅಂತ ಹಳೇ ಹೆಸರಲ್ಲೇ ಹೇಳುತ್ತದೆ. ನಿಮಿಷದ ಲೆಕ್ಕದಲ್ಲಿ ಕೇಳಿದರೆ ಮೈನಸ್ 330 ಬರುತ್ತದೆ. ಮೈನಸ್ ನೋಡಿ ನಾನು ಎಲ್ಲರನ್ನೂ ಗ್ರೀನಿಚ್‌ಗಿಂತ ಐದೂವರೆ ಗಂಟೆ ಹಿಂದೆ ಹಾಕಿದ್ದೆ. ಚಿಹ್ನೆ ತಿರುಗಿಸಿದೆ.

ಇನ್ನು ಕೇಳಿ ಪಡೆಯುವ ಲೊಕೇಶನ್. ಮಾವನಿಗೆ ಫೋನಿನಲ್ಲೇ ಹೇಳಿದೆ, "ಬಟನ್ ಒತ್ತಿ ಮಾವ, ಅನುಮತಿ ಕೇಳ್ತದೆ, ಹೌದು ಅನ್ನಿ." ಸ್ವಲ್ಪ ಹೊತ್ತಿನಲ್ಲಿ ನನ್ನ ಪರದೆಯ ಮೇಲೆ ಒಂದು ಸಾಲು ಬಂತು. ನಿಖರತೆ 14 ಮೀಟರ್. ನಕ್ಷೆಯ ಮೇಲೆ ಇಟ್ಟೆ. ಚುಕ್ಕೆ ಬಿದ್ದದ್ದು ಮನೆಯ ಹಿಂದಿನ ಬಾವಿಕಟ್ಟೆಯ ಹತ್ತಿರ.

"ಬಾವಿ ಹತ್ತಿರ ಇದ್ದೀರಾ ಮಾವ?"

ಆ ಕಡೆ ಒಂದು ಕ್ಷಣ ಮಾತಿಲ್ಲ. "ಹೌದಲ್ಲ ಮಾರಾಯ! ಒಳಗೆ ಸಿಗ್ನಲ್ ಇಲ್ಲ ಅಂತ ಇಲ್ಲಿ ಬಂದು ಕೂತದ್ದು." ಮತ್ತೆ ಕೇಳಿದರು, "ಈಗ ನೀನು ಇದನ್ನು ಬರೆದಿಟ್ಟುಕೊಂಡ್ಯಾ?"

ಹೌದು, ಬರೆದಿಟ್ಟುಕೊಂಡಿದ್ದೆ. ಆ ಪ್ರಶ್ನೆ ನನ್ನ ತಲೆಗೇ ಬಂದಿರಲಿಲ್ಲ.

ಸಿಡಿಲು

ಬುಧವಾರ ಸಂಜೆ. ಅಕ್ಟೋಬರಿನ ಸಂಜೆ ಅಂದರೆ ಗೊತ್ತಲ್ವಾ, ನಾಲ್ಕು ಗಂಟೆಗೆ ಮೋಡ, ಐದಕ್ಕೆ ಗುಡುಗು. ನಾನು ಆಫೀಸಿನಲ್ಲಿದ್ದೆ. ಅಮ್ಮ ಎಲ್ಲ ಕರಾವಳಿಯ ಅಮ್ಮಂದಿರ ಹಾಗೆ ಮೊದಲ ಗುಡುಗಿಗೇ ಟಿವಿ, ಫ್ರಿಜ್, ರೂಟರ್ ಎಲ್ಲದರ ಪ್ಲಗ್ ಕಿತ್ತಿದ್ದಾರೆ. ಪೈಯದ್ದೂ. ರಾತ್ರಿ ಹಾಕಿದರೆ ಹಸಿರು ದೀಪ ಒಂದು ಸಲ ಮಿನುಗಿ ಸುಮ್ಮನಾಯಿತು. ಮೆಮೊರಿ ಕಾರ್ಡ್ ಕೆಟ್ಟಿತ್ತು. ಲ್ಯಾಪ್‌ಟಾಪಿಗೆ ಹಾಕಿ ಫೈಲ್ ಸಿಸ್ಟಮ್ ರಿಪೇರಿ ಮಾಡಿಸಿದೆ. ಪ್ರೋಗ್ರಾಂ ಉಳಿಯಿತು, ಎರಡು ದಿನದ ದಾಖಲೆ ಹೋಯಿತು. ಬ್ಯಾಕಪ್ ಇರಲಿಲ್ಲ. ಅಮ್ಮನನ್ನು ಬೈಯುವ ಹಾಗಿಲ್ಲ. ಹೋದ ವರ್ಷ ಪಕ್ಕದ ಮನೆಯವರ ರೂಟರ್ ಸುಟ್ಟದ್ದು ಇದೇ ತಿಂಗಳಲ್ಲಿ.

ಹೊಸ ಕಾರ್ಡ್ ಹಾಕುವಾಗ ದಾಖಲೆಯ ಟೇಬಲನ್ನೂ ಬದಲಾಯಿಸಿದೆ. ಅಕ್ಷಾಂಶ ರೇಖಾಂಶದ ಕಾಲಂ ತೆಗೆದೆ, ಪರದೆಯ ಮೇಲೆ ತೋರಿಸುವುದು ಮಾತ್ರ. ಉಳಿದ ಸಾಲುಗಳು 24 ಗಂಟೆಯ ನಂತರ ತಾನಾಗಿ ಅಳಿಯುವ ಹಾಗೆ ಮಾಡಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಮನೆಮಟ್ಟಿನ ಇಂಥ ಸ್ವಂತ ಕೆಲಸಕ್ಕೆ ಅನ್ವಯಿಸುವುದಿಲ್ಲ. ಆದರೂ ಮಾವನ ಬಾವಿ ನನ್ನ ಕಾರ್ಡಿನಲ್ಲಿ ಯಾಕೆ?

ಅಕ್ಷರಗಳು ಹೇಳಿದ ಚಾಡಿ

ಊರು ಸಿಗದಿದ್ದರೆ ಏನಂತೆ, ಯಂತ್ರ ಸಿಗುತ್ತದಾ ನೋಡೋಣ ಅಂತ ಮುಂದಿನ ವಾರ ಶುರು ಮಾಡಿದೆ. ಇಡೀ ಕೆಲಸದಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟದ್ದು ಇದು, ಜಾಸ್ತಿ ಕಳವಳ ಮಾಡಿಸಿದ್ದೂ ಇದೇ.

ಬ್ರೌಸರಿಗೆ ಒಂದು ಚಿತ್ರ ಬರೆಯಲು ಹೇಳುವುದು, ಬರೆದ ಚಿತ್ರದ ಚುಕ್ಕೆಗಳನ್ನು ಓದಿ ಒಂದು ಸಣ್ಣ ಸಂಕೇತ ಮಾಡುವುದು. ಇದನ್ನು 2012ರಲ್ಲಿ ಸ್ಯಾನ್ ಡಿಯಾಗೋದ ಇಬ್ಬರು ಸಂಶೋಧಕರು, ಮೌರಿ ಮತ್ತು ಶಾಖಂ, ತೋರಿಸಿಕೊಟ್ಟರು. ಗ್ರಾಫಿಕ್ಸ್ ಚಿಪ್, ಡ್ರೈವರ್, ಫಾಂಟ್ ಬೇರೆಯಾದರೆ ಚಿತ್ರದ ಅಂಚುಗಳು ಕೂದಲೆಳೆಯಷ್ಟು ಬೇರೆಯಾಗುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಲೆಕ್ಕಕ್ಕೆ ಸಿಗುತ್ತದೆ.

ಎಲ್ಲರೂ ಇಂಗ್ಲಿಷ್ ವಾಕ್ಯ ಬರೆಸುತ್ತಾರೆ. ನಾನು "ಉಡುಪಿ ಶ್ರೀಕೃಷ್ಣ" ಅಂತ ಬರೆಸಿದೆ. ಒತ್ತಕ್ಷರ ಇದ್ದರೆ ವ್ಯತ್ಯಾಸ ಇನ್ನೂ ಚೆನ್ನಾಗಿ ಕಾಣುತ್ತದೆ. ಆಂಡ್ರಾಯ್ಡ್ ಫೋನುಗಳು ನೋಟೋ ಫಾಂಟಿನಲ್ಲಿ ಬರೆದವು, ನನ್ನ ವಿಂಡೋಸ್ ನಿರ್ಮಲಾದಲ್ಲಿ ಬರೆಯಿತು. "ಷ್ಣ" ಒಂದನ್ನೇ ದೊಡ್ಡದು ಮಾಡಿ ಅಕ್ಕಪಕ್ಕ ಇಟ್ಟರೆ ಇಬ್ಬರು ಬೇರೆ ಬೇರೆ ಮೇಷ್ಟ್ರ ಹತ್ತಿರ ಕಲಿತವರ ಕೈಬರಹದ ಹಾಗೆ.

ಹಾಗಾದರೆ ಕನ್ನಡದವರ ಕಂಪ್ಯೂಟರಿನಲ್ಲಿ ಮಾತ್ರ ಇರುವ ಫಾಂಟುಗಳನ್ನು ಹುಡುಕಿದರೆ? ಫಾಂಟ್‌ಗಳ ಪಟ್ಟಿ ಕೊಡು ಅಂದರೆ ಬ್ರೌಸರ್ ಸುಮ್ನೆ ಕೊಡುವುದಿಲ್ಲ. ಆದರೆ ಉಪಾಯ ಉಂಟು. ಒಂದು ಸಾಲನ್ನು ಸಾದಾ ಫಾಂಟಿನಲ್ಲಿ ಬರೆಸಿ ಅಗಲ ಅಳೆಯಿರಿ. ಅದೇ ಸಾಲನ್ನು "ನುಡಿ 01 ಇ, ಇಲ್ಲದಿದ್ದರೆ ಸಾದಾ" ಅಂತ ಹೇಳಿ ಮತ್ತೆ ಅಳೆಯಿರಿ. ಅಗಲ ಬದಲಾದರೆ ಆ ಕಂಪ್ಯೂಟರಿನಲ್ಲಿ ನುಡಿ ಉಂಟು. ಬಂದವರಿಗೆ ಪರದೆಯ ಮೇಲೆ ಏನೂ ಕಾಣುವುದಿಲ್ಲ.

ಕೋರ್ಟ್ ರಸ್ತೆಯ ಹತ್ತಿರ ಗೆಳೆಯನೊಬ್ಬನ ಡಿಟಿಪಿ ಅಂಗಡಿ ಉಂಟು. ಮದುವೆ ಕಾಗದ, ಕೋಲದ ನೋಟೀಸು, ಯಕ್ಷಗಾನದ ಹ್ಯಾಂಡ್‌ಬಿಲ್ ಎಲ್ಲ ಅವನದ್ದೇ. ಅವನಿಗೆ ಲಿಂಕ್ ಕಳಿಸಿದೆ. ನುಡಿ ಇಲ್ಲ, ಬರಹ ಇಲ್ಲ ಅಂತ ಬಂತು. ಹೇಗೆ ಸಾಧ್ಯ? ದಿನವಿಡೀ ಅವನು ಅದರಲ್ಲೇ ಟೈಪ್ ಮಾಡುವವನು.

ತಪ್ಪು ನನ್ನದೇ. ನಾನು ಅಳೆಯಲು ಕೊಟ್ಟದ್ದು ಯೂನಿಕೋಡ್ ಕನ್ನಡದ ಸಾಲು. ಹಳೆಯ ನುಡಿ, ಬರಹ ಫಾಂಟುಗಳು ಯೂನಿಕೋಡಿಗೆ ಮೊದಲಿನ ಪದ್ಧತಿಯವು. ಇಂಗ್ಲಿಷ್ ಅಕ್ಷರಗಳ ಕುರ್ಚಿಯಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದವು. ಅವಕ್ಕೆ ಯೂನಿಕೋಡ್ ಕನ್ನಡ ಕೊಟ್ಟರೆ ಆ ಜಾಗ ಖಾಲಿ, ಬ್ರೌಸರ್ ಬೇರೆ ಫಾಂಟಿಗೆ ಹೋಗುತ್ತದೆ, ಅಗಲ ಬದಲಾಗುವುದಿಲ್ಲ. ಅಳೆಯುವ ಸಾಲನ್ನು ಇಂಗ್ಲಿಷ್ ಅಕ್ಷರಕ್ಕೆ ಬದಲಾಯಿಸಿದೆ. ಮತ್ತೆ ಪೇಜ್ ತೆರೆಯಲು ಹೇಳಿದೆ. ನುಡಿ 01 ಇ ಉಂಟು, ಬರಹದ ಬಿಆರ್‌ಎಚ್ ಕೈಲಾಸಂ ಉಂಟು, ಸಾಲಾಗಿ ಹನ್ನೊಂದು ಫಾಂಟ್.

ಗೆಳೆಯ ಬುದ್ಧಿವಂತ. ವಿಪಿಎನ್ ಹಾಕಿ, ಅಂದರೆ ದೂರದ ಬೇರೆ ಕಂಪ್ಯೂಟರಿನ ಮೂಲಕ ಹಾದು, ಮತ್ತೆ ಬಂದ. ಐಪಿ ಸಿಂಗಾಪುರ. ಆದರೆ ಸಮಯ ವಲಯ ಕಲ್ಕತ್ತಾ, ಭಾಷೆ ಕನ್ನಡ, ಫಾಂಟು ಅದೇ ಹನ್ನೊಂದು. ಯಕ್ಷಗಾನದಲ್ಲಿ ಎಷ್ಟೇ ಬಣ್ಣ ಹಚ್ಚಿ ಬಂದರೂ ಮೊದಲ ಹೆಜ್ಜೆಗೇ ಇಂಥವರದ್ದೇ ಕುಣಿತ ಅಂತ ಅಜ್ಜಂದಿರು ಹೇಳುತ್ತಾರಲ್ಲ, ಹಾಗೆ. ಸಿಂಗಾಪುರದಲ್ಲಿ ಕೂತು ಹನ್ನೊಂದು ಕನ್ನಡ ಡಿಟಿಪಿ ಫಾಂಟ್ ಇಟ್ಟುಕೊಂಡವರು ಎಷ್ಟು ಜನ ಇದ್ದಾರು? ಅವನು ಫೈರ್‌ಫಾಕ್ಸಿನಲ್ಲಿ ಗುರುತು ಹಿಡಿಯುವುದನ್ನು ತಡೆಯುವ ಕಟ್ಟುನಿಟ್ಟಿನ ಸೆಟ್ಟಿಂಗ್ ಹಾಕಿ ಮೂರನೇ ಸಲ ಬಂದಾಗ ಫಾಂಟುಗಳು ಕಾಣೆಯಾದವು, ಸಮಯ ವಲಯವೂ ಬದಲಾಯಿತು. ಆ ಸುತ್ತು ಅವನದ್ದು.

ಯಾರು ಸಿಕ್ಕರು, ಯಾರು ಸಿಗಲಿಲ್ಲ

ಮಣಿಪಾಲದ ಅಕ್ಕತಂಗಿ ಇಬ್ಬರೂ ಒಂದೇ ಅಂಗಡಿಯಲ್ಲಿ ಒಂದೇ ಮಾಡೆಲಿನ ಫೋನ್ ಕೊಂಡವರು. ಅವರ ಎರಡು ಸಾಲು ಪಕ್ಕಪಕ್ಕ ಇಟ್ಟೆ. ಪರದೆಯ ಅಗಲ ಬ್ರೌಸರಿನ ಲೆಕ್ಕದಲ್ಲಿ 393, ಗ್ರಾಫಿಕ್ಸ್ ಚಿಪ್ ಒಂದೇ, ಚಿತ್ರದ ಸಂಕೇತ ಒಂದೇ, ಕೋರ್ 8. ಬ್ಯಾಟರಿ ಮತ್ತು ಐಪಿ ಬಿಟ್ಟರೆ ಏನೂ ಬೇರೆ ಇಲ್ಲ. ಯಾರು ಯಾವುದು ಅಂತ ಹೇಳಲು ಆಗಲೇ ಇಲ್ಲ.

ದೊಡ್ಡ ಲೆಕ್ಕದಲ್ಲೂ ಹೀಗೇ ಆಗಿದೆ. 2010ರಲ್ಲಿ ಇಂಟರ್ನೆಟ್ ಬಳಸುವವರ ಹಕ್ಕುಗಳಿಗಾಗಿ ಕೆಲಸ ಮಾಡುವ ಅಮೆರಿಕದ ಇಎಫ್‌ಎಫ್ ಸಂಸ್ಥೆಯ ಪೀಟರ್ ಎಕರ್ಸ್ಲಿ 4,70,161 ಬ್ರೌಸರುಗಳನ್ನು ನೋಡಿದಾಗ ನೂರಕ್ಕೆ 83.6 ಬೇರೆ ಯಾವುದಕ್ಕೂ ಹೊಂದದವು. 2018ರಲ್ಲಿ ಫ್ರಾನ್ಸಿನ ಒಂದು ಸೈಟಿಗೆ ಬಂದ ಇಪ್ಪತ್ತು ಲಕ್ಷ ಬ್ರೌಸರುಗಳಲ್ಲಿ ಅಂಥವು ನೂರಕ್ಕೆ 33.6 ಮಾತ್ರ, ಮೊಬೈಲಿನಲ್ಲಿ ಇನ್ನೂ ಕಡಿಮೆ. ಒಂದೇ ಅಚ್ಚಿನ ಫೋನುಗಳು, ಒಂದೇ ಅಚ್ಚಿನ ಉತ್ತರ.

ಹಾಗಾದರೆ ಮಾವನ ಫೋನೂ ಗುಂಪಿನಲ್ಲಿ ಕಳೆದುಹೋಗಬೇಕಿತ್ತು. ಅದೂ ಅದೇ ಕಂಪನಿಯದ್ದು, ಅದೇ 1080 ಚುಕ್ಕೆ ಅಗಲದ ಪರದೆ. ಆದರೆ ಅವರ ಸಾಲು ಹೀಗಿತ್ತು: ಬ್ರೌಸರಿನ ಲೆಕ್ಕದ ಅಗಲ 320, ಆ ಲೆಕ್ಕದ ಒಂದಕ್ಕೆ ಪರದೆಯ ಅಸಲಿ ಚುಕ್ಕೆ ಎಷ್ಟು ಎನ್ನುವ ಅನುಪಾತ 3.375. ಉಳಿದ ಎಲ್ಲರದ್ದು 393 ಮತ್ತು 2.75. ಮೊದಲು ನನ್ನ ಕೋಡೇ ತಪ್ಪು ಅಂದುಕೊಂಡೆ. 320ನ್ನು 3.375ರಿಂದ ಗುಣಿಸಿದೆ. ಸರಿಯಾಗಿ 1080.

ಆಮೇಲೆ ನೆನಪಾಯಿತು. ಕಣ್ಣಿನ ಆಪರೇಷನ್ ಆದ ಮೇಲೆ ಅಕ್ಷರ ಕಾಣುವುದಿಲ್ಲ ಅಂದಾಗ, ಸೆಟ್ಟಿಂಗಿಗೆ ಹೋಗಿ ಡಿಸ್‌ಪ್ಲೇ ಸೈಜನ್ನು ಕೊನೆಯ ಮೆಟ್ಟಿಲಿಗೆ ಏರಿಸಿ ಕೊಟ್ಟವನು ನಾನೇ. ಆಂಡ್ರಾಯ್ಡ್ 320ಕ್ಕಿಂತ ಕೆಳಗೆ ಇಳಿಯಲು ಬಿಡುವುದಿಲ್ಲ, ಅಲ್ಲಿಗೆ ಬಂದು ನಿಂತಿದೆ. ಅಂದಿನಿಂದ ಮಾವ ತೆರೆದ ಪ್ರತಿ ಪೇಜಿಗೂ ಆ ಫೋನ್ ಹೇಳುತ್ತಾ ಬಂದಿದೆ: ನನ್ನ ಯಜಮಾನರಿಗೆ ಕಣ್ಣು ಮಂದ. ಜೊತೆಗೆ ಕನ್ನಡ, 6 ಜಿಬಿಯನ್ನು 4 ಅಂತ ಹೇಳುವ ಮೆಮೊರಿ, ಚಿಪ್ಪಿನ ಹೆಸರು. ಕುಕಿ ಇಲ್ಲ, ಲಾಗಿನ್ ಇಲ್ಲ. ಆದರೂ ಮಾವ ಬಂದಾಗಲೆಲ್ಲ ನನಗೆ ಗೊತ್ತಾಗುತ್ತಿತ್ತು. ಒಂದು ರಾತ್ರಿ ಆ ಸಾಲಿನಲ್ಲಿ ಬ್ಯಾಟರಿ 0.17 ಅಂತ ಕಂಡು ಫೋನ್ ಮಾಡಿದೆ.

"ಚಾರ್ಜಿಗೆ ಹಾಕಿ ಮಾವ."

"ನಿನಗೆ ಹೇಗೆ ಗೊತ್ತಾಯ್ತು?"

ಫೈರ್‌ಫಾಕ್ಸ್ ಈ ಬ್ಯಾಟರಿ ಸೌಲಭ್ಯವನ್ನು 2017ರಲ್ಲೇ ಕಿತ್ತು ಹಾಕಿತು. ಕ್ರೋಮಿನಲ್ಲಿ ಇನ್ನೂ ಉಂಟು.

ಶನಿವಾರ ಮಲ್ಪೆಗೆ ಹೋಗಿ ಫೋನ್ ಕೈಗೆ ತೆಗೆದುಕೊಂಡೆ. ಹಿಂದೆ ಯಾವ್ಯಾವುದೋ ಸೈಟಿಗೆ ಕೊಟ್ಟಿದ್ದ ಲೊಕೇಶನ್ ಅನುಮತಿ ಐದು ಇದ್ದವು, ನನ್ನದೂ ಸೇರಿ. ಎಲ್ಲ ತೆಗೆದೆ. ಕ್ರೋಮಿಗೆ ನಿಖರ ಲೊಕೇಶನ್ ಬೇಡ, ಅಂದಾಜು ಸಾಕು ಅಂತ ಮಾಡಿದೆ. ಫೈರ್‌ಫಾಕ್ಸ್ ಹಾಕಿ ಕೊಟ್ಟೆ. ಡಿಸ್‌ಪ್ಲೇ ಸೈಜ್ ಕಡಿಮೆ ಮಾಡಿದರೆ ಗುಂಪಿನಲ್ಲಿ ಒಬ್ಬರಾಗುತ್ತೀರಿ ಅಂತ ವಿವರಿಸಿದೆ. ಮಾವ ಕನ್ನಡಕ ಏರಿಸಿ ನನ್ನನ್ನೇ ನೋಡಿದರು.

"ಗುಂಪಿನಲ್ಲಿ ಸೇರಿ ಎಂತ ಮಾಡ್ಲಿ, ಅಕ್ಷರ ಕಾಣದಿದ್ರೆ?"

ಅದನ್ನು ಹಾಗೇ ಬಿಟ್ಟೆ.

ಕೊನೆಗೆ ಇನ್ನೊಮ್ಮೆ ನನ್ನ ಪೇಜ್ ತೆರೆದು ತೋರಿಸಿದೆ. ಬ್ಯಾಟರಿ, ಮೆಮೊರಿಯ ಕಾಲಂ ಖಾಲಿ, ಅಗಲ 320, ಊರು ಬೆಂಗಳೂರು. ಇದನ್ನು ಮಾತ್ರ ಸರಿ ಮಾಡಲು ನನ್ನ ಕೈಯಲ್ಲಿ ಇಲ್ಲ ಮಾವ, ಅಂದೆ.

"ಸರಿ ಮಾಡುವುದು ಯಾಕೆ? ಅಲ್ಲೇ ಇರ್ಲಿ ಬಿಡು. ಯಾರಾದ್ರೂ ಹುಡುಕಿಕೊಂಡು ಬಂದ್ರೆ ಮೆಜೆಸ್ಟಿಕ್ಕಿನಲ್ಲಿ ಹುಡುಕಲಿ" ಅಂತ ಹೇಳಿ ಮಾವ ಚಹಾ ಇಡಲು ಒಳಗೆ ಹೋದರು.